ಜ್ವರದ ಸುಳ್ಳು

ಆಸ್ಪತ್ರೆಯ ಫಿನಾಯಿಲ್ ವಾಸನೆಯಿಂದ ಕಾಲೇಜು ಹುಡುಗಿಗೆ ಬಾಲ್ಯದಲ್ಲಿ ತನ್ನ ತಮ್ಮ ಹುಟ್ಟಿದ ದಿನ ನೆನಪಾಯಿತು. ಅಂದು ಹೆರಿಗೆ ವಾರ್ಡಾಗಿದ್ದ ಇದೇ ಕೋಣೆ ಈಗ ಸಾಂಕ್ರಾಮಿಕ ಜ್ವರದವರಿಗೆ ಮೀಸಲು.

“ನಂಗೆ ಜ್ವರ ಇಲ್ಲ ಸಿಸ್ಟರ್. ಮನೆಯಿಂದ ಹೊರಡೋಕೆ ಅಮ್ಮಂಗೆ ಸುಳ್ಳು ಹೇಳ್ದೆ, ಅವ್ಳೂ ಜೊತೆಗೆ ಬಂದು ಗೇಟಲ್ಲಿ ಜ್ವರ ಅಂತಾನೇ ಬರೆಸಿಬಿಟ್ಲು. ಗರ್ಭ ತೆಗೆಸ್ಬೇಕಿತ್ತು.”

“ಅಯ್ಯೋ ಹುಚ್ಚಿ, ಸುಳ್ಳಿಗೆ ಬೇರೆ ಕಾಯಿಲೆ ಸಿಗ್ಲಿಲ್ವಾ?” ನರ್ಸ್ ದನಿ ತಗ್ಗಿಸಿದರು. “ಜ್ವರ ಅಂತ ಒಳಗೆ ಬಂದೋರನ್ನ ಎರಡು ವಾರ ಬಿಡಲ್ಲ. ಹೆರಿಗೆ ಡಾಕ್ಟರೂ ಈಗ ಜ್ವರಾನೇ ನೋಡ್ತಿರೋದು.”

“ಅಷ್ಟರಲ್ಲಿ ತೆಗೆಸೋ ಅವಧಿ ದಾಟುತ್ತೆ ಅಕ್ಕಾ.”

ನರ್ಸ್‌ಗೆ ಅದು ಗೊತ್ತಿತ್ತು. ಗೇಟಿನಾಚೆಯಿಂದ ಅಮ್ಮ ಕೂಗಿದಳು: “ಜ್ವರ ಇಳಿದ ಕೂಡ್ಲೇ ಬಂದ್ಬಿಡು ಪುಟ್ಟೀ!” ಹುಡುಗಿ ಕಿಟಕಿಯಿಂದ ಕೈಬೀಸಿದಳು. ಕೈ ಇಳಿಸಿದಾಗ ನರ್ಸ್ ತಮ್ಮ ಊಟದ ಡಬ್ಬಿಯನ್ನು ಸದ್ದಿಲ್ಲದೆ ಆ ಕೈಗಿಟ್ಟರು.