ತೋಟದಮ್ಮನ ಚೀಲ

ತೋಟದಮ್ಮನ ಒಂದು ಕೈ ತರಕಾರಿ ಕ್ರೇಟಿನ ಮೇಲಿತ್ತು, ಇನ್ನೊಂದು ಚೀಲದೊಳಗೆ. ಮೇಷ್ಟ್ರು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತರು. ಬೆನ್ನ ಹಿಂದೆ ಬೆಳಗಿನ ತರಗತಿಯ ಇಪ್ಪತ್ತು ಮಕ್ಕಳು.

"ಚೀಲ ಇಲ್ಲಿ ಸುರಿ."

"ಮಕ್ಕಳ ಮುಂದೆ ಬೇಡ ಸರ್. ಮರ್ಯಾದೆ ಹೋಗುತ್ತೆ."

"ಅದು ಮೊದಲೇ ಗೊತ್ತಿರಬೇಕಿತ್ತು."

ಕಾಲೇಜಿನ ಆ ಅರ್ಧ ಎಕರೆ ತೋಟವೆಂದರೆ ಮೇಷ್ಟ್ರಿಗೆ ಪ್ರಾಣ. ನೆಲ ಅಗೆಯದೆ, ಗೊಬ್ಬರ ಹಾಕದೆ ಬೆಳೆಯುವುದು ಅವರೇ ಕಂಡುಹಿಡಿದ ವಿಧಾನ. ಬೆಳೆದದ್ದೆಲ್ಲ ಹಿಂದಿನ ಬೀದಿಯ ಊಟದ ಮನೆಗೆ. ದಿನವೂ ಅರವತ್ತು ಜನ ಹಸಿದವರು ಅಲ್ಲಿ ಉಣ್ಣುತ್ತಿದ್ದರು. "ಒಂದು ಬುಟ್ಟಿ ಗೊಬ್ಬರ ಹಾಕೋಣವಾ ಸರ್?" ಎಂದು ತೋಟದಮ್ಮ ಕೆಲಸಕ್ಕೆ ಸೇರಿದ ಮೊದಲ ವರ್ಷ ಕೇಳಿದ್ದಳು. "ಇಲ್ಲಿ ಮೇಷ್ಟ್ರು ಯಾರು, ನೀನಾ ನಾನಾ?" ಎಂದು ಅವರು ನಕ್ಕಿದ್ದರು. ಆಮೇಲೆ ಅವಳು ಆ ಮಾತೆತ್ತಲಿಲ್ಲ.

ಹೋದ ವಾರ ತೋಟದಮ್ಮ ಜ್ವರದಿಂದ ಮಲಗಿದಳು. ಅದೇ ವಾರ ತರಕಾರಿಯ ತೂಕ ಅರ್ಧಕ್ಕಿಳಿಯಿತು. ಮಲಗುವ ಮುಂಚೆಯೇ ಬಳಿದುಕೊಂಡು ಹೋಗಿದ್ದಾಳೆ ಎಂದು ಮೇಷ್ಟ್ರು ತೀರ್ಮಾನಿಸಿದರು. ಸೋಮವಾರ ಸಮಿತಿ ಬರುವುದಿತ್ತು. ಇಳುವರಿ ಸಾಲದಿದ್ದರೆ ತೋಟ ಅಳಿಸಿ ಕಾರು ನಿಲ್ಲಿಸುವ ಜಾಗ ಮಾಡುವುದಿತ್ತು. ಇಂಥ ಹೊತ್ತಲ್ಲಿ ಬೇಲಿಯೇ ಎದ್ದು ಹೊಲ ಮೇಯುವುದೇ?

ಚೀಲದಿಂದ ಬದನೆ, ಬೆಂಡೆ, ಟೊಮೆಟೊ ಉರುಳಿದವು. ಮೇಷ್ಟ್ರು ಒಂದು ಬದನೆಕಾಯಿ ಎತ್ತಿ ಹಿಡಿದರು.

"ನೋಡಿ. ತೊಟ್ಟು ಕತ್ತರಿಯಿಂದಲೇ ಕತ್ತರಿಸಬೇಕು ಅನ್ನೋದು ನಮ್ಮ ತೋಟದ ನಿಯಮ. ಇದನ್ನ ಕೈಯಲ್ಲಿ ಮುರಿದಿದ್ದಾಳೆ. ಕಳ್ಳರಿಗೆ ಅವಸರ."

ತೋಟದಮ್ಮ ಮಕ್ಕಳ ಕಡೆ ನೋಡಿದಳು, ಮೇಷ್ಟ್ರ ಕಡೆ ನೋಡಿದಳು.

"ತಪ್ಪು ನಂದೇ ಸರ್. ಇದನ್ನ ಮಾತ್ರ ಊಟದ ಮನೆಗೇ ಕಳಿಸಿ."

ಬೀಗದ ಕೈ ತಕ್ಕಡಿಯ ಮೇಲಿಟ್ಟು ಹೊರಟಳು. ಒಂದಿಬ್ಬರು ಮಕ್ಕಳು ನಕ್ಕರು. ಮೇಷ್ಟ್ರು ಅವರನ್ನು ಗದರಿಸಲಿಲ್ಲ.

ಸೋಮವಾರ ಸಮಿತಿಯ ಎದುರು ಮಕ್ಕಳು ಕತ್ತರಿ ಹಿಡಿದು ತೋಟವಿಡೀ ಜಾಲಾಡಿದರು. ಎರಡು ಕ್ರೇಟು ತುಂಬುವುದೂ ಕಷ್ಟವಾಯಿತು. ಸಮಿತಿಯವರು ಏನೋ ಬರೆದುಕೊಂಡು ಹೋದರು. ಮಧ್ಯಾಹ್ನ ಊಟದ ಮನೆಯಲ್ಲಿ ಅರ್ಧ ಜನಕ್ಕೆ ತಟ್ಟೆ ಬರಿದು.

ಮೇಷ್ಟ್ರು ಉರಿದುಕೊಂಡು ಗೇಟಿಗೆ ಬಂದರು. "ಹೋದವಳು ಗಿಡವನ್ನೂ ಬೋಳಿಸಿ ಹೋಗಿದ್ದಾಳೆ. ದಿನಾ ಇಲ್ಲೇ ಕೂತಿರ್ತೀಯ, ಒಂದು ದಿನ ಅವಳ ಚೀಲ ನೋಡಬಾರದಿತ್ತಾ?"

ಕಾವಲಿನವನು ಎದ್ದು ನಿಂತ.

"ಸಂಜೆ ಖಾಲಿ ಚೀಲ ಮಡಚಿ ಹಿಡ್ಕೊಂಡು ಹೋಗೋರು, ಅದರಲ್ಲೇನು ನೋಡ್ಲಿ ಸರ್? ಬೆಳಿಗ್ಗೆ ಬರುವಾಗ ತುಂಬಿರ್ತಿತ್ತು, ಅವರ ಮನೆ ಹಿತ್ತಲಿನ ತರಕಾರಿ. ನೀವೇ ತರಿಸ್ತಿದ್ದೀರಿ ಅಂದ್ಕೊಂಡಿದ್ದೆ."