ಪಕ್ಕದ ಸೈಟಿನ ರೇಟು

ಮಗ್ಗದ ಕಾರ್ಖಾನೆಯೊಳಗೆ ಕಾಲಿಟ್ಟ ಕೂಡಲೇ ಬ್ಯಾಂಕ್ ಮ್ಯಾನೇಜರ್ ಕುಮುದಿನಿಯ ಕಿವಿ ಚುರುಕಾಯಿತು. ಇಪ್ಪತ್ತು ಮಗ್ಗಗಳಲ್ಲಿ ಸದ್ದು ಮಾಡುತ್ತಿದ್ದದ್ದು ನಾಲ್ಕು ಮಾತ್ರ. ನೂಲು ಕೊಳ್ಳಲೆಂದು ಹೋದ ವರ್ಷ ಇದರ ಮಾಲೀಕನಿಗೆ ಸಾಲ ಮಂಜೂರು ಮಾಡಿದ್ದವಳು ಅವಳೇ. ಈಗ ಅವನು ಕಾರ್ಖಾನೆಯ ಜಾಗ ಅಡವಿಟ್ಟು ಆ ಸಾಲದ ಎರಡರಷ್ಟು ಕೇಳುತ್ತಿದ್ದ. ಈ ಸಲ ಎಡವಿದರೆ ಅವಳ ಕೆಲಸಕ್ಕೇ ಸಂಚಕಾರ.

"ಮಗ್ಗ ಎಲ್ಲಾ ನಿಂತೇ ಹೋಗಿವೆಯಲ್ಲ ಸಾಹುಕಾರ್ರೇ?"

"ಮಗ್ಗ ನಿಂತ್ರೇನ್ ಮೇಡಂ, ನೆಲ ಓಡ್ತಾ ಇದೆಯಲ್ಲ! ಈ ಜಾಗದ ಬೆಲೆ ಒಂದೇ ವರ್ಷದಲ್ಲಿ ಮೂರು ಪಟ್ಟಾಗಿದೆ. ನಿಮ್ಮ ಬ್ಯಾಂಕಿನ ಎಂಜಿನಿಯರೇ ಬೆಲೆ ಕಟ್ಟಿ ಬರ್ಕೊಟ್ಟಿದ್ದಾರೆ."

"ಯಾವ ಆಧಾರದ ಮೇಲೆ?"

"ಪಕ್ಕದ ಸೈಟು ಹೋದ ರೇಟಿನ ಮೇಲೆ. ನೀವು ಬ್ಯಾಂಕಿನೋರು ಯಾವಾಗ್ಲೂ ನೋಡೋದು ಅದನ್ನೇ ತಾನೇ?"

"ಈ ಮೂಲೇಲಿ ಅಷ್ಟು ದುಡ್ಡು ಸುರಿದ ಪುಣ್ಯಾತ್ಮ ಯಾರ್ರೀ?"

"ಯಾರೋ ಆಸೆಬುರುಕ ಇರ್ಬೇಕು ಬಿಡಿ. ಕಾಫಿ ಆರೋಗ್ತಾ ಇದೆ, ತಗೊಳ್ಳಿ."

ಅವಳು ಕಾಫಿ ಮುಟ್ಟಲಿಲ್ಲ. ಎಂಜಿನಿಯರರ ವರದಿಯ ಹಿಂದಿದ್ದ ಪಕ್ಕದ ಸೈಟಿನ ಕ್ರಯಪತ್ರವನ್ನು ಕೊನೆಯ ಪುಟದವರೆಗೂ ಓದಿದಳು. ಕೊಂಡವಳು ಇವನ ಹೆಂಡತಿ. ಸೈಟಿಗೆ ಹಣ ಕೊಟ್ಟಿದ್ದ ಡಿ.ಡಿ.ಯ ನಕಲೂ ಜೊತೆಗಿತ್ತು; ಅದರಲ್ಲಿ ನೂಲಿನ ಸಾಲ ಬಿಡುಗಡೆಯಾದ ದಿನದ್ದೇ ತಾರೀಕು, ಕೆಳಗೆ ಕುಮುದಿನಿಯದೇ ಸಹಿ.