ಟ್ಯಾಂಕಿನ ಹಿಂದಿನ ಸಿಗ್ನಲ್

ಕಾಫಿಪುಡಿಯಿಂದ ಕಾಲೊರಸಿನವರೆಗೆ ಭೂಮಂಡಲದ ಸಕಲ ವಸ್ತುಗಳನ್ನೂ ತಾನೇ ಆರಿಸುತ್ತಿದ್ದ ಗಂಡ, ಅಂಗಡಿಯಲ್ಲಿ ನಿಂತು, "ರೌಟರ್ ನೀನೇ ಆರಿಸೇ," ಎಂದುಬಿಟ್ಟ. ಅವಳಿಗೆ ಆಕಾಶಕ್ಕೆ ಮೂರೇ ಗೇಣು.

ಕೇಬಲ್‌ನವನು ಬಿಟ್ಟಿ ಕೊಟ್ಟಿದ್ದ ಹಳೆಯ ರೌಟರ್ ಮಹಾ ಸೋಮಾರಿ. ಅದರ ಸಿಗ್ನಲ್ ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು ಸಾಯುತ್ತಿತ್ತು. ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅವಿತು ತಂಗಿಗೆ ವಿಡಿಯೊ ಕರೆ ಮಾಡಿದರೆ, ತಂಗಿಯ ಮಗು ಆಕಳಿಸಲು ತೆರೆದ ಬಾಯಿ ಮುಚ್ಚಲು ಒಂದು ಯುಗ ಹಿಡಿಯುತ್ತಿತ್ತು. ಬೇರೆ ಜಾತಿಯವನನ್ನು ಮದುವೆಯಾದ ಆ ತಂಗಿಯ ಜೊತೆ ಮಾತಾಡಿದರೆ ಮನೆಯಿಂದಾಚೆ ಹಾಕುತ್ತೇನೆಂದು ಗಂಡ ಏಳು ಬೀದಿಗೆ ಕೇಳುವಂತೆ ಗುಡುಗಿದ್ದ. ಆದರೆ ತವರಿನವರೆಂದು ಅವಳಿಗೆ ಉಳಿದಿದ್ದುದು ಆ ತಂಗಿಯೊಬ್ಬಳೇ.

"ಯಾವ ಮೂಲೆಗೆ ಮುಟ್ಬೇಕು ಮೇಡಂ?" ಎಂದ ಅಂಗಡಿಯವನು.

"ತಾರಸಿಗೆ."

"ತಾರಸೀಲಿ ಎಲ್ಲಿ? ಸರಿಯಾಗಿ ಹೇಳೇ, ಆಮೇಲೆ ಬರಲ್ಲ ಅಂತ ಗೊಣಗಬೇಡ." ಗಂಡನ ದನಿಯಲ್ಲಿ ಮೂಟೆಗಟ್ಟಲೆ ಸಕ್ಕರೆ.

"ಟ್ಯಾಂಕಿನ ಹಿಂದೇನೂ ಬರ್ಲಿ ರೀ. ಬಟ್ಟೆ ಒಣಹಾಕುವಾಗ ಹಾಡು ಕೇಳ್ತೀನಿ."

"ಕೇಳು, ಕೇಳು. ಬೇಡ ಅಂದವರ್‍ಯಾರು?"

ಎಂಟು ಕೊಂಬಿನ ದೈತ್ಯ ರೌಟರೊಂದನ್ನು ಅವಳು ಬೆರಳಿಟ್ಟು ತೋರಿಸಿದಳು.

"ಚಂದ್ರಲೋಕಕ್ಕೂ ಮುಟ್ಟುತ್ತೆ ಬಿಡಿ ಮೇಡಂ!" ಎಂದ ಅಂಗಡಿಯವನು.

ಹಾಲು ಕಂಡ ಮಗುವಿನಂತೆ ಅವಳು ಆ ಡಬ್ಬವನ್ನು ಎದೆಗವಚಿಕೊಂಡಳು.

ಗಂಡ ಜೇಬಿಗೆ ಕೈಹಾಕಿದ. "ಅವಳು ಆರಿಸಿದ್ದೇ ಇರ್ಲಿ. ಜೊತೆಗೆ ಆ ಟ್ಯಾಂಕಿನ ಹಿಂದಕ್ಕೊಂದು ಕ್ಯಾಮೆರಾ ಕೊಡಿ, ಮಾತೂ ಕೇಳಿಸೋ ಅಂಥದ್ದು. ಸಿಗ್ನಲ್‌ಗಂತೂ ಇನ್ನು ತೊಂದರೆ ಇಲ್ಲ."